ನಾನೂರರಿಂದ ಆರು ಸಾವಿರದವರೆಗೆ

ಫೆಬ್ರವರಿ 11

ತಮ್ಮಾ,

ಈ ಮೂರು ವಾರದಲ್ಲಿ ನಿನ್ನ ಫೋನು ಒಂಬತ್ತು ಸಲ ಬಂತು. ಎತ್ತಲಿಲ್ಲ. ಫೋನಿನಲ್ಲಾದರೆ "ಊಟ ಆಯ್ತಾ, ಪುಟ್ಟಿ ಸ್ಕೂಲಿಗೆ ಹೋದ್ಲಾ" ಅಂತ ಕೇಳಿ ಮುಗಿಸಿಬಿಡುತ್ತೀ. ಕಾಗದದಲ್ಲಿ ಹಾಗೆ ನುಣುಚಿಕೊಳ್ಳುವುದು ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆದೇ ಉತ್ತರ ಕೊಡು.

ಮಣ್ಣು ಮುಗಿದ ಮಾರನೆಯ ಬೆಳಿಗ್ಗೆಯೇ ನೀನು ಹೊರಟುಹೋದೆ. ರಜೆ ಇಲ್ಲ ಅಂದೆ. ಇರಲಿ. ನೀನು ಹೋದ ಮೇಲೆ ಮಿಲ್ಲಿನವರು ಒಂದು ಗೋಣಿಚೀಲ ತಂದುಕೊಟ್ಟರು. ನಿನ್ನ ಭಾವ ಬಿದ್ದಿದ್ದ ಜಾಗದ ಸುತ್ತ ಸಿಕ್ಕಿದ್ದನ್ನೆಲ್ಲ ಅದರಲ್ಲಿ ತುಂಬಿದ್ದರು. ಒಂದು ಕಾಲಿನ ಚಪ್ಪಲಿ, ಊಟದ ಡಬ್ಬಿ, ನೂಲು ಕತ್ತರಿಸುವ ಕತ್ತರಿ, ಒಂದು ಸ್ಪ್ಯಾನರು. ಜೊತೆಗೆ ಅವರದ್ದಲ್ಲದ ಒಂದು ವಸ್ತು: ಕಂಬದ ಮೇಲಿಂದ ಕಳಚಿಬಿದ್ದ ಸ್ಪೀಕರು. ಕಹಳೆಯ ಹಾಗೆ ಬಾಯಿ ಅಗಲ ಇರುತ್ತದಲ್ಲ, ಅದು. ಈಗ ಬಾಯಿ ಸೊಟ್ಟಗಾಗಿದೆ.

ಬೆಂಕಿ ಬಿದ್ದಾಗ ಕೂಗಬೇಕಾದದ್ದು ಇದೇ. ಇದು ಕೂಗಿದ ಕೂಡಲೇ ಮೇಸ್ತ್ರಿಯಾದವನು ತನ್ನ ಸಾಲಿನ ಮಗ್ಗಗಳನ್ನು ನಿಲ್ಲಿಸಿ ಜನರನ್ನು ಹೊರಗೆ ಕಳಿಸಬೇಕು. ಹನ್ನೊಂದು ನಿಮಿಷ ಕೂಗಿತಂತೆ. ಹನ್ನೊಂದು ನಿಮಿಷವೂ ಇವರ ಸಾಲಿನ ಮಗ್ಗಗಳು ನಡೆಯುತ್ತಲೇ ಇದ್ದವಂತೆ. ಶೆಡ್ಡಿನ ಕಟ್ಟಕಡೆಯ ಸಾಲು, ಹೊಗೆ ಕಾಣುವ ಹೊತ್ತಿಗೆ ದಾರಿ ಮುಚ್ಚಿತ್ತು. ಇವರ ಜೊತೆ ಮಗ್ಗಕ್ಕೆ ಎಣ್ಣೆ ಹಾಕುವಾತನೂ, ಹರಿದ ನೂಲು ಕಟ್ಟುವ ಹೆಂಗಸೂ ಹೋದರು.

ವಿಚಾರಣೆ ಶುರುವಾಗಿದೆ. "ಮೇಸ್ತ್ರಿಗೆ ಕೇಳಿಸಿದೆ, ಕೇಳಿಸಿಯೂ ನಿಲ್ಲಿಸಿಲ್ಲ" ಅಂತ ಮೊದಲ ದಿನವೇ ಮಾತು ಬಂತು. ಸತ್ತವರ ಮೇಲೆ ಗೂಬೆ ಕೂರಿಸುವುದು ಸುಲಭ, ಅವರು ಎದ್ದು ಬಂದು ಓಡಿಸುವುದಿಲ್ಲವಲ್ಲ. ಎದುರುಮನೆಯಲ್ಲಿರುವುದು ಆ ಎಣ್ಣೆಯವನ ಹೆಂಡತಿ. ನಿನ್ನೆ ನಲ್ಲಿಯ ಹತ್ತಿರ ನನ್ನ ಕೊಡವನ್ನು ಕಾಲಿನಿಂದ ಸರಿಸಿದಳು. ನಾನು ಏನೂ ಅನ್ನದೆ ಬಂದೆ ಅಂದರೆ ನಿನಗೆ ನನ್ನ ಸ್ಥಿತಿ ಗೊತ್ತಾಗಬೇಕು.

ಸ್ಪೀಕರಿನ ಹಿಂದೆ ಎರಡು ಬೆರಳಗಲದ ತಗಡಿದೆ. ಮೂರು ಸಾಲು. ಮೊದಲನೆಯದರಲ್ಲಿ ನಿಮ್ಮ ಕಾರ್ಖಾನೆಯ ಹೆಸರು. ಎರಡನೆಯದು "ಆವರ್ತನ ವ್ಯಾಪ್ತಿ 400 – 6000 ಹರ್ಟ್ಸ್". ಮೂರನೆಯ ಸಾಲು ಮಸಿ ಹಿಡಿದು ಓದಲು ಬರುವುದಿಲ್ಲ. ನೀನು ಹದಿನೈದು ವರ್ಷದಿಂದ ಅಲ್ಲಿ ಸ್ಪೀಕರು ಅಳೆಯುವವನು. ಈ ನಾನೂರು, ಆರು ಸಾವಿರ ಅಂದರೆ ಏನು? ನನಗೆ ತಿಳಿಯುವ ಹಾಗೆ ಬರೆ. ಚಿಕ್ಕವನಿದ್ದಾಗ ನೀರು ಸೇದು ಅಂದರೆ ಜಾಣಕಿವುಡು ಮಾಡುತ್ತಿದ್ದೆ. ಈಗ ಹಾಗೆ ಮಾಡಬೇಡ.

ನಿನ್ನ ಅಕ್ಕ


ಫೆಬ್ರವರಿ 26

ಅಕ್ಕಾ,

ನಿನ್ನ ಅಕ್ಷರ ನೋಡಿ ಸಮಾಧಾನವಾಯಿತು. ಓದಿ ಮುಗಿಸಿದ ಮೇಲೆ ಆಗಲಿಲ್ಲ.

ಕೇಳಿದ್ದಕ್ಕೆ ಹೇಳುತ್ತೇನೆ. ಶಬ್ದ ಅಂದರೆ ಗಾಳಿಯ ನಡುಕ. ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೋ ಅಷ್ಟು ಹರ್ಟ್ಸ್. ಕಡಿಮೆಯಾದರೆ ದಪ್ಪ ದನಿ, ಹೆಚ್ಚಾದರೆ ಸಣ್ಣ ದನಿ. ಭಾವನ ಕೆಮ್ಮು ದಪ್ಪ. ಅಮ್ಮ ನಮ್ಮನ್ನು ಬಯ್ಯುವಾಗ ತೆಗೆಯುತ್ತಿದ್ದ ಕೀರಲು ಸಣ್ಣ. ಒಳ್ಳೆಯ ಕಿವಿಗೆ ಇಪ್ಪತ್ತರಿಂದ ಇಪ್ಪತ್ತು ಸಾವಿರದವರೆಗೆ ಕೇಳಿಸುತ್ತದೆ ಅನ್ನುತ್ತಾರೆ. ಅಷ್ಟನ್ನೂ ಒಂದೇ ಸ್ಪೀಕರು ಹೇಳಲಾರದು. ದಪ್ಪ ದನಿಗೆ ಅಗಲವಾದ ಪರದೆ ಬೇಕು, ಸಣ್ಣ ದನಿಗೆ ಹಗುರವಾದ ಪುಟ್ಟ ಪರದೆ ಸಾಕು. ಒಂದು ಸ್ಪೀಕರು ಎಲ್ಲಿಂದ ಎಲ್ಲಿಯವರೆಗೆ ಹೇಳಬಲ್ಲದೋ ಅದನ್ನೇ ವ್ಯಾಪ್ತಿ ಅಂತ ತಗಡಿನ ಮೇಲೆ ಹಾಕುತ್ತೇವೆ. ನೀನು ನೋಡಿದ್ದು ಅದನ್ನೇ.

ಇನ್ನೊಂದು ಮಾತು, ತಪ್ಪು ತಿಳಿಯಬೇಡ. ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ನಿಂತವರ ಕಿವಿ ಸರಿಯಾಗಿರುವುದಿಲ್ಲ. ಸಣ್ಣ ದನಿ ಮೊದಲು ಹೋಗುತ್ತದೆ. ಭಾವನಿಗೂ ಹಾಗೇ ಆಗಿತ್ತೇನೋ. ಸ್ಪೀಕರಿನಲ್ಲಿ ತಪ್ಪಿರಲಾರದು. ನಮ್ಮಲ್ಲಿ ಅಳೆಯುವವರು ಮೂವತ್ತು ಜನ ಇದ್ದೇವೆ, ಅದನ್ನು ಯಾರು ನೋಡಿ ಬಿಟ್ಟದ್ದೋ ತಿಳಿಯದು.

ಆ ತಗಡಿನ ಅಂಚು ಹರಿತವಾಗಿರುತ್ತದೆ. ಪುಟ್ಟಿಯ ಕೈಗೆ ತಗಲೀತು. ಎಸೆದುಬಿಡು.

ನಿನ್ನ ತಮ್ಮ


ಮಾರ್ಚ್ 15

ತಮ್ಮಾ,

ತಗಡು ಎಸೆಯಲಿಲ್ಲ. ಕಬ್ಬಿಣದ ಪೆಟ್ಟಿಗೆಯಲ್ಲಿ ಅವರ ಅಂಗಿಗಳ ಕೆಳಗಿದೆ.

ಅವರ ಕಿವಿಯ ಸುದ್ದಿಯನ್ನು ನೀನು ನನಗೆ ಹೇಳಬೇಕೇ? ಗಡಿಯಾರದ ಅಲಾರಂ ತಲೆಯ ಪಕ್ಕ ಕಿರುಚಿದರೂ ಏಳುತ್ತಿರಲಿಲ್ಲ. ಪುಟ್ಟಿ ಪಿಸುಗುಟ್ಟಿದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ನಾನು ಬಯ್ದದ್ದು ಮಾತ್ರ ಒಂದಕ್ಷರ ಬಿಡದೆ ಕೇಳುತ್ತಿತ್ತು, ನನ್ನದು ಗಂಡುದನಿಯಲ್ಲವೇ. ಕಿವಿ ಕೆಟ್ಟಿದೆ ಅಂತ ಅವರಿಗೂ ಗೊತ್ತಿತ್ತು, ಮಿಲ್ಲಿಗೂ ಗೊತ್ತಿತ್ತು. ಅದು ಗೊತ್ತಿದ್ದೇ ಎಲ್ಲ ನಡೆದದ್ದು.

ಮೊನ್ನೆ ವಿಚಾರಣೆಯಲ್ಲಿ ಮಿಲ್ಲಿನ ಇಂಜಿನಿಯರು ಹೇಳಿದ್ದನ್ನು ಕೇಳು. ಎರಡು ವರ್ಷದ ಹಿಂದೆ ಡಾಕ್ಟರು ಎಲ್ಲರ ಕಿವಿ ಪರೀಕ್ಷೆ ಮಾಡಿ, ಇವರಿಗೆ ಸಣ್ಣ ದನಿ ಹಿಡಿಯುವುದಿಲ್ಲ ಅಂತ ಬರೆದುಕೊಟ್ಟರಂತೆ. ಅದಕ್ಕೇ ಹಳೆಯ ಕಿರುಚುವ ಗಂಟೆ ತೆಗೆಸಿ, ದಪ್ಪ ದನಿಯ ಕೂಗು ಇಡಿಸಿದರಂತೆ. ಐನೂರು ಹರ್ಟ್ಸ್. "ತಗಡಿನ ಮೇಲೆ ನಾನೂರರಿಂದ ಅಂತಿದೆ ಸಾರ್, ಐನೂರು ಅದರೊಳಗೇ ಬರುತ್ತೆ. ಊಟದ ಬಿಡುವಿನಲ್ಲಿ ಪರೀಕ್ಷೆ ಮಾಡಿದ್ವಿ, ಚೆನ್ನಾಗಿ ಕೇಳಿಸ್ತು" ಅಂದ. ಊಟದ ಬಿಡುವಿನಲ್ಲಿ ಮಗ್ಗ ನಿಂತಿರುತ್ತದೆ ಅಂತ ಯಾರೂ ಕೇಳಲಿಲ್ಲ. ಮೇಜಿನ ಹಿಂದೆ ಕೂತಿದ್ದ ಹಿರಿಯರು ಕನ್ನಡಕ ತೆಗೆದು, "ಹಾಗಾದರೆ ಮೇಸ್ತ್ರಿಗೆ ಕೇಳಿಸಿರಲೇಬೇಕು" ಅಂದರು. ಮರುದಿನ ಪತ್ರಿಕೆಯಲ್ಲಿ "ಮೇಸ್ತ್ರಿಯ ನಿರ್ಲಕ್ಷ್ಯ?" ಅಂತ ಬಂತು. ಕೊನೆಗೊಂದು ಪ್ರಶ್ನೆ ಚಿಹ್ನೆ ಇತ್ತು. ಅತ್ತೆಗೆ ಓದು ಬರುವುದಿಲ್ಲ, ಪುಟ್ಟಿಯ ಕೈಲಿ ಓದಿಸಿದರು. ಪ್ರಶ್ನೆ ಚಿಹ್ನೆಯನ್ನು ಬಾಯಿಬಿಟ್ಟು ಓದಲು ಆಗುವುದಿಲ್ಲವಲ್ಲ.

ನನಗೊಂದು ಸಂಶಯ. ನಾನೂರರಿಂದ ಅಂದರೆ, ಮುನ್ನೂರ ತೊಂಬತ್ತೊಂಬತ್ತಕ್ಕೆ ಬಾಯಿ ಮುಚ್ಚಿಕೊಂಡಿದ್ದು ನಾನೂರಕ್ಕೆ ಗಂಟಲು ಹರಿಯುವ ಹಾಗೆ ಕೂಗುತ್ತದೆಯೇ? ನನಗೆ ಗೊತ್ತಿರುವ ಯಾವ ಗಂಟಲೂ ಹಾಗಿಲ್ಲ. ಇದಕ್ಕೆ ಉತ್ತರ ಬರೆ. ಹೋದ ಸಲ ನೀನು ಬರೆದದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು.

ನಿನ್ನ ಅಕ್ಕ


ಏಪ್ರಿಲ್ 9

ಅಕ್ಕಾ,

ಇಲ್ಲ, ಹಾಗೆ ಥಟ್ಟನೆ ಶುರುವಾಗುವುದಿಲ್ಲ. ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಕೊಳ್ಳುವವರು ಯಾರೂ ಕೇಳುವುದಿಲ್ಲ.

ನಮ್ಮಲ್ಲೊಂದು ಮೌನದ ಕೋಣೆಯಿದೆ. ಗೋಡೆ, ಸೂರು, ನೆಲಕ್ಕೆಲ್ಲ ಸ್ಪಂಜಿನ ಮೊನೆಗಳು. ನಡೆದಾಡಲು ಮೇಲೊಂದು ತಂತಿಯ ಬಲೆ. ಬಾಗಿಲು ಹಾಕಿಕೊಂಡರೆ ನಮ್ಮ ರಕ್ತ ಓಡುವುದು ನಮಗೇ ಕೇಳಿಸುತ್ತದೆ. ಹೊಸಬರು ಹತ್ತು ನಿಮಿಷ ನಿಲ್ಲಲಾರರು. ಅಲ್ಲಿ ಸ್ಪೀಕರನ್ನು ನಿಲ್ಲಿಸಿ, ಒಂದು ಮೀಟರು ದೂರದಲ್ಲಿ ಮೈಕು ಇಟ್ಟು, ದಪ್ಪ ದನಿಯಿಂದ ಸಣ್ಣ ದನಿಯವರೆಗೆ ಒಂದೇ ಸಮ ಕೂಗಿಸುತ್ತೇವೆ. ಎಲ್ಲೆಲ್ಲಿ ಎಷ್ಟು ಜೋರು ಅಂತ ಗ್ರಾಫು ಬರುತ್ತದೆ. ನಡುವೆ ಮೇಜಿನ ಹಾಗೆ ಮಟ್ಟಸ, ಎರಡೂ ಕಡೆ ಇಳಿಜಾರು. ಇಳಿಜಾರಿನಲ್ಲಿ ಎಲ್ಲಿ ಗೂಟ ಹೊಡೆದು "ಇಲ್ಲಿಯವರೆಗೆ ನಮ್ಮದು" ಅನ್ನುವುದು? ಅದನ್ನು ಸ್ಪೀಕರು ಹೇಳುವುದಿಲ್ಲ. ಮನುಷ್ಯರೇ ತೀರ್ಮಾನ ಮಾಡಬೇಕು.

ಮಟ್ಟಸದಿಂದ ಮೂರು ಡೆಸಿಬೆಲ್ ಇಳಿದ ಕಡೆ ಗೂಟ ಹೊಡೆಯುವುದು ಹಳೆಯ ಪದ್ಧತಿ. ಅಲ್ಲಿ ಶಕ್ತಿ ಅರ್ಧವಾಗಿರುತ್ತದೆ, ಆದರೂ ಕಿವಿಗೆ ಅಷ್ಟೇನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೆಲವರು ಹತ್ತು ಇಳಿಯುವವರೆಗೂ ಹೋಗುತ್ತಾರೆ. ಅಲ್ಲಿ ಶಕ್ತಿ ಹತ್ತರಲ್ಲಿ ಒಂದು ಪಾಲು, ಕಿವಿಗೆ ಸುಮಾರು ಅರ್ಧ ಜೋರು. ಹತ್ತಕ್ಕೆ ಹೋದರೆ ವ್ಯಾಪ್ತಿ ಅಗಲವಾಗಿ ಕಾಣುತ್ತದೆ. ಸ್ಪೀಕರು ಅದೇ, ಗ್ರಾಫು ಅದೇ, ಗೂಟ ಮಾತ್ರ ಬೇರೆ. ಇದರಲ್ಲಿ ಸುಳ್ಳೇನೂ ಇಲ್ಲ. ಎಷ್ಟು ಇಳಿದದ್ದಕ್ಕೆ ಈ ಅಂಕಿ ಅಂತ ಪಕ್ಕದಲ್ಲಿ ಒಂದು ಷರಾ ಬರೆದಿರಬೇಕು, ಅಷ್ಟೇ.

ಅತ್ತೆಯನ್ನು ಕೇಳಿದೆ ಅನ್ನು.

ನಿನ್ನ ತಮ್ಮ


ಏಪ್ರಿಲ್ 20

ತಮ್ಮಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಚೆನ್ನಾಗಿ ಬರೆದಿದ್ದೀ. ಮೇಷ್ಟ್ರಾಗಬೇಕಿತ್ತು.

"ಕೆಲವರು" ಅಂದರೆ ಯಾರು? ನಿಮ್ಮಲ್ಲಿ ಮೂರೋ, ಹತ್ತೋ? ಈ ತಗಡಿನಲ್ಲಿ ಅಂಕಿಯ ಪಕ್ಕ ಷರಾ ಇಲ್ಲ. ಕೆಳಗೆ ಮಸಿ ಹಿಡಿದ ಒಂದು ಸಾಲಿದೆ, ಅಷ್ಟೇ. ಅದು ಷರಾ ಇರಬಹುದೇ?

ಅತ್ತೆ ಊಟ ಬಿಡುತ್ತಿದ್ದಾರೆ. ನನ್ನ ಮೇಲಿನ ಸಿಟ್ಟಿಗಲ್ಲ, ಸಿಟ್ಟಾದರೆ ಎರಡು ತುತ್ತು ಹೆಚ್ಚೇ ತಿನ್ನುವವರು. ದಿನವಿಡೀ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಎದುರುಮನೆಯವಳು ಹೊರಗೆ ಬಂದರೆ ತಲೆ ತಗ್ಗಿಸುತ್ತಾರೆ. ಎಪ್ಪತ್ತಾರು ವರ್ಷ ಯಾರಿಗೂ ತಗ್ಗಿಸದ ತಲೆ ಅದು.

ನಿನ್ನ ಅಕ್ಕ


ಜೂನ್ 2

ಅಕ್ಕಾ,

ಉತ್ತರ ತಡವಾಯಿತು. ಕೆಲಸ ವಿಪರೀತ. ಪುಟ್ಟಿಗೆ ಒಂದು ಸ್ಕೂಲು ಚೀಲ, ಅತ್ತೆಗೆ ಒಂದು ಹೊದಿಕೆ ಕಳಿಸಿದ್ದೇನೆ. ತಲುಪಿದ್ದಕ್ಕೆ ಒಂದು ಸಾಲು ಬರೆ.

ನಿನ್ನ ಪ್ರಶ್ನೆಗೆ ವಿಭಾಗದ ಸಾಹೇಬರನ್ನು ಕೇಳಿ ಹೇಳಬೇಕು. ಹಳೆಯ ಕಾಗದಗಳೆಲ್ಲ ಈಗ ಅವರ ಬಳಿ ಇವೆ. ಅಷ್ಟಕ್ಕೂ ಇದನ್ನೆಲ್ಲ ಕೆದಕಿ ಈಗ ಏನು ಪ್ರಯೋಜನ ಅಕ್ಕಾ? ಹೋದವರು ಬರುವುದಿಲ್ಲ. ನಿನ್ನ ಆರೋಗ್ಯ ನೋಡಿಕೋ.

ನಿನ್ನ ತಮ್ಮ


ಜೂನ್ 30

ತಮ್ಮಾ,

ಚೀಲ ತಲುಪಿತು. ಹೊದಿಕೆಯೂ ತಲುಪಿತು. ಅತ್ತೆಯನ್ನು ಅದರಲ್ಲೇ ಸುತ್ತಿ ಕಳಿಸಿದೆವು. ಹೋದ ಮಂಗಳವಾರ, ಮಧ್ಯಾಹ್ನ.

ನಿನಗೆ ಫೋನು ಮಾಡಲಿಲ್ಲ. ಮಾಡಿದ್ದರೆ ಬರುತ್ತಿದ್ದೆಯೋ ಏನೋ, ಕೆಲಸ ವಿಪರೀತ ಅಂತ ಬರೆದಿದ್ದೀಯಲ್ಲ. ಹೊರಲು ಬೀದಿಯಿಂದ ಇಬ್ಬರೇ ಬಂದರು. ಉಳಿದ ಇಬ್ಬರನ್ನು ಪುಟ್ಟಿಯ ಮೇಷ್ಟ್ರು ಕರೆದುಕೊಂಡು ಬಂದರು.

ಹೋಗುವ ಹಿಂದಿನ ದಿನ ನನ್ನ ಕೈ ಹಿಡಿದು, "ಹೌದೇನೇ, ಕೇಳ್ಸಿದ್ರೂ ಸುಮ್ನಿದ್ನಾ ಅವನು?" ಅಂತ ಕೇಳಿದರು. "ಇಲ್ಲ ಅತ್ತೆ, ಅವರಿಗೆ ಕೇಳಿಸ್ಲಿಲ್ಲ" ಅಂದೆ. "ನಿನಗೆ ಹೇಗೆ ಗೊತ್ತು?" ಅಂದರು. ಅದಕ್ಕೆ ಉತ್ತರ ಕೊಡಬೇಕಾದವಳು ನಾನಲ್ಲ. ಅವರು ಕೈ ಬಿಟ್ಟು ಆ ಕಡೆ ತಿರುಗಿ ಮಲಗಿದರು. ಹೆತ್ತ ಮಗ ಇಬ್ಬರನ್ನು ಕೊಂದ ಅಂತ ನಂಬಿಕೊಂಡೇ ಹೋದರು ತಮ್ಮಾ.

ವಿಚಾರಣೆ ಆಗಸ್ಟ್ 14ಕ್ಕೆ ಮುಗಿಯುತ್ತದೆ. ಆಮೇಲೆ ಯಾರು ಏನು ಹೇಳಿದರೂ ಬರೆದುಕೊಳ್ಳುವುದಿಲ್ಲ.

ಅಕ್ಕ


ಜುಲೈ 21

ಅಕ್ಕಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ಆ ಸ್ಪೀಕರು ಅಳೆದವನು ನಾನು. ಮೂವತ್ತು ಜನರಲ್ಲಿ ಯಾರೋ ಅಂತ ಬರೆದದ್ದು ಸುಳ್ಳು. ಮಸಿಯ ಕೆಳಗೆ ಇರುವುದು ಷರಾ ಅಲ್ಲ, 17 ಅನ್ನುವ ಅಂಕಿ. ಅದು ನನ್ನ ನಂಬರು. ಭಾವನನ್ನು ನೋಡಲು ಬಂದ ದಿನ ಶೆಡ್ಡಿನ ಒಳಗೆ ಹೋಗಿದ್ದೆ. ಸುಡದೆ ಉಳಿದ ಕಂಬಗಳ ಮೇಲೆ ಅದೇ ಸ್ಪೀಕರುಗಳು ಸಾಲಾಗಿ ನನ್ನನ್ನೇ ನೋಡುತ್ತಿದ್ದವು. ರಜೆ ಇತ್ತು ಅಕ್ಕಾ. ಐದು ದಿನ ಇತ್ತು. ನಿನ್ನ ಮುಖ ನೋಡಲಾರದೆ ಹೊರಟುಹೋದೆ.

ಅದನ್ನು ಅಳೆದ ದಿನ ಚೆನ್ನಾಗಿ ನೆನಪಿದೆ. ಒಂಬೈನೂರು ಹರ್ಟ್ಸಿಗೆ ಮೂರು ಇಳಿದಿತ್ತು. ಐನೂರಕ್ಕೆ ಎಂಟು. ನಾನೂರಕ್ಕೆ ಹತ್ತು. ನಾನು ಒಂಬೈನೂರರಿಂದ ಅಂತ ಬರೆದು ಸಾಹೇಬರ ಮೇಜಿಗೆ ಒಯ್ದೆ. ಅವರು ನಕ್ಕರು. "ಪಕ್ಕದವರು ನಾನೂರು ಅಂತ ಹಾಕ್ತಾರೆ, ನಾವು ಒಂಬೈನೂರು ಅಂದ್ರೆ ಯಾರಪ್ಪಾ ಕೇಳ್ತಾರೆ? ಹತ್ತಕ್ಕೆ ಹಿಡಿ. ಸುಳ್ಳೇನಲ್ವಲ್ಲ, ಷರಾ ಬರೆದ್ರಾಯ್ತು" ಅಂದರು. ಬರೆದೆ. ಕಾಗದದ ಮೇಲೆ ಷರಾ ಬರೆದೆ.

ಇಲ್ಲಿಯವರೆಗಿನದನ್ನು ಅವರ ತಲೆಗೆ ಕಟ್ಟಬಹುದು. ಮುಂದಿನದನ್ನು ಕಟ್ಟಲಾರೆ. ಹನ್ನೆರಡು ವರ್ಷ ಕೆಲಸ ಮಾಡಿದವನ ನಂಬರು ತಗಡಿನ ಮೇಲೆ ಹಾಕುವುದು ನಮ್ಮಲ್ಲಿ ರೂಢಿ. ನನಗೆ ಆ ತಿಂಗಳೇ ಹನ್ನೆರಡು ತುಂಬಿತ್ತು. ತಗಡಿನ ಮಾದರಿ ನೋಡಲು ಕರೆದರು. ಮೂರೇ ಸಾಲು. "ಒಂದು ಸಾಲಿಗೆ ಜಾಗ ಉಳಿದಿದೆ. ಷರಾ ಹಾಕ್ಸಲಾ, ನಿನ್ನ ನಂಬರ್ ಹಾಕ್ಸಲಾ? ನೀನೇ ಹೇಳು" ಅಂದರು.

"ನಂಬರ್ ಹಾಕ್ಸಿ ಸಾರ್" ಅಂದೆ. ಒಂದು ಉಸಿರಿನಷ್ಟು ಹೊತ್ತೂ ಯೋಚಿಸಲಿಲ್ಲ.

ಅಪಾಯದ ಕೂಗಿಗೆ ಬಳಸುತ್ತಾರೆಂದು ಗೊತ್ತಿರಲಿಲ್ಲ ಅಂತ ಹರಿದುಹಾಕಿದ ನಾಲ್ಕೂ ಕಾಗದದಲ್ಲಿ ಬರೆದಿದ್ದೆ. ಗೊತ್ತಿತ್ತು. ಹಾಡು ಕೇಳುವವನಿಗೆ ಎಂಟು ಇಳಿದರೆ ಏನೂ ಆಗುವುದಿಲ್ಲ, ಅವನ ನೆನಪು ತುಂಬಿಕೊಡುತ್ತದೆ. ಮಗ್ಗದ ಸದ್ದಿನ ನಡುವೆ ನಿಂತವನಿಗೆ ಎಂಟು ಇಳಿದರೆ ಆರರಲ್ಲಿ ಒಂದು ಪಾಲು ಶಕ್ತಿ. ಕೂಗು ಮಗ್ಗದ ಸದ್ದಿನಲ್ಲಿ ಮುಳುಗುತ್ತದೆ. ಭಾವನಿಗೆ ಕೇಳಿಸಿಲ್ಲ. ಕೇಳಿಸಲು ಸಾಧ್ಯವೇ ಇರಲಿಲ್ಲ. ನಿನ್ನ ಮೊದಲ ಕಾಗದ ಬಂದ ದಿನವೇ ಇದನ್ನು ಬರೆದಿದ್ದರೆ ಅತ್ತೆ ಕೇಳಿಸಿಕೊಂಡು ಹೋಗುತ್ತಿದ್ದರು.

ಷರಾ ಇರುವ ಆಫೀಸಿನ ಪ್ರತಿ ಬೆಂಕಿಯ ವಾರದಲ್ಲೇ ಕಾಣೆಯಾಯಿತು. ಮೂಲ ಗ್ರಾಫು ನನ್ನ ಹತ್ತಿರ ಇದೆ, ಸಾಹೇಬರ ಸಹಿಯೊಂದಿಗೆ. ನನ್ನ ನಂಬರು ಬಂದ ಮೊದಲ ಸ್ಪೀಕರು ಅಂತ ಆಸೆಗೆ ತೆಗೆದಿಟ್ಟುಕೊಂಡಿದ್ದೆ. ಅದನ್ನು ಕೊಟ್ಟರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ನನಗೆ ಅದರ ಹೆದರಿಕೆ ಇತ್ತು. ನಿನ್ನ ಹೆದರಿಕೆ ಅದಕ್ಕಿಂತ ಹೆಚ್ಚಿತ್ತು.

ಏನು ಮಾಡಲಿ ಹೇಳು.

ನಿನ್ನ ತಮ್ಮ


ಜುಲೈ 29

ತಮ್ಮಾ,

ಆ ಮಸಿ ಒದ್ದೆ ಬಟ್ಟೆಗೆ ಹೋಗುವಂಥದ್ದು. ಚೀಲ ತಂದುಕೊಟ್ಟ ದಿನವೇ ಒರೆಸಿದ್ದೆ. ಓದಲು ಬರುವುದಿಲ್ಲ ಅಂತ ನಾನು ಬರೆದದ್ದೂ ಸುಳ್ಳೇ.

ಮೂರು ವರ್ಷದ ಹಿಂದೆ ನಿನ್ನ ನಂಬರು ತಗಡಿಗೆ ಬಂತು ಅಂತ ಬರೆದ ಕಾಗದ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಹದಿನೇಳು ಅಂತ ಎರಡು ಕಡೆ ಬರೆದು ಎರಡಕ್ಕೂ ಕೆಳಗೆ ಗೆರೆ ಎಳೆದಿದ್ದೀ. ಮೂವತ್ತು ಜನರಲ್ಲಿ ಯಾರೋ ಅಂತ ನೀನು ಬರೆದಾಗ, ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೆ. ಕುಂಬಳಕಾಯಿ ಕಳ್ಳ ಅಂತ ನಾನು ಕೂಗಿರಲೂ ಇಲ್ಲ, ನೀನು ಹೆಗಲು ಮುಟ್ಟಿಕೊಂಡಿದ್ದೆ.

ನಾನೇ ಹೋಗಿ ಹೇಳಬಹುದಿತ್ತು. ನೀನಾಗಿ ಹೇಳಲಿ ಅಂತ ಕಾದೆ. ನಾನು ಎತ್ತಿ ಆಡಿಸಿದವನು ತಾನಾಗಿ ಬಾಯಿ ಬಿಡಲಿ ಅನ್ನುವ ಹಟ. ಆ ಹಟಕ್ಕೆ ಅತ್ತೆಯ ಕೊನೆಯ ಐದು ತಿಂಗಳು ಹೋಯಿತು. ಅವರು ಕೈ ಬಿಟ್ಟು ತಿರುಗಿ ಮಲಗಿದ್ದರಲ್ಲಿ ನನ್ನ ಪಾಲೂ ಇದೆ, ಅದನ್ನು ನಿನ್ನ ಮೇಲೆ ಹಾಕುವುದಿಲ್ಲ.

ಏನು ಮಾಡಲಿ ಅಂತ ಕೇಳಬೇಡ. ಆಗಸ್ಟ್ 14, ಬೆಳಿಗ್ಗೆ ಹತ್ತೂವರೆ. ಗ್ರಾಫು ತೆಗೆದುಕೊಂಡು ನೇರ ಅಲ್ಲಿಗೇ ಬಾ. ಮನೆಗೆ ಬರಬೇಡ.

ಅಕ್ಕ


ಆಗಸ್ಟ್ 30

ಅಕ್ಕಾ,

ಕೆಲಸ ಹೋಯಿತು. ಕಾರ್ಖಾನೆಯ ಮನೆಯನ್ನು ತಿಂಗಳೊಳಗೆ ಬಿಡಬೇಕು. ಸಾಹೇಬರು ಗೇಟಿನ ಹತ್ತಿರ ನಿಂತಿದ್ದರು. "ನೀನೇ ತಾನೇ ನಂಬರ್ ಹಾಕ್ಸಿ ಅಂದಿದ್ದು?" ಅಂತ ಒಂದೇ ಮಾತು ಕೇಳಿದರು. ಹೌದು ಅಂದೆ. ಮುಂದಿನ ತಿಂಗಳಿಂದ ಇಬ್ಬರ ಮೇಲೂ ಕೇಸು ನಡೆಯುತ್ತದೆ.

ನಾನು ಹೇಳಿಕೆ ಕೊಡುವಾಗ ನೀನು ಎರಡನೆಯ ಸಾಲಿನಲ್ಲಿ ಕೂತಿದ್ದೆ. ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಆಮೇಲೆ ಅವರು ನಿನ್ನನ್ನು ಕರೆದಾಗ ನನ್ನನ್ನು ಹೊರಗೆ ಕಳಿಸಿದರು. ನೀನು ಏನು ಹೇಳಿದೆಯೋ ತಿಳಿಯಲಿಲ್ಲ. ನನ್ನ ಬಗ್ಗೆ ಏನೇ ಹೇಳಿದ್ದರೂ ಅದು ಸರಿಯಾಗಿಯೇ ಇರುತ್ತದೆ.

ಮೌನದ ಕೋಣೆಯ ಬೀಗದ ಕೈ ಒಪ್ಪಿಸುವ ಮುಂಚೆ ಒಂದು ಸಲ ಒಳಗೆ ಹೋಗಿ ನಿಂತೆ. ಹತ್ತು ನಿಮಿಷ ನಿಲ್ಲಲಾಗಲಿಲ್ಲ.

ನಿನ್ನ ತಮ್ಮ


ಸೆಪ್ಟೆಂಬರ್ 22

ತಮ್ಮಾ,

ವರದಿ ಬಂತು. "ಮೇಸ್ತ್ರಿಯ ಕಡೆಯಿಂದ ಯಾವ ಲೋಪವೂ ಕಂಡುಬಂದಿಲ್ಲ" ಅಂತ ಬರೆದಿದ್ದಾರೆ. ಪುಟ್ಟಿ ಅದನ್ನು ಅಜ್ಜಿಯ ಖಾಲಿ ಕುರ್ಚಿಯ ಮುಂದೆ ನಿಂತು ಗಟ್ಟಿಯಾಗಿ ಓದಿದಳು. ಓದು ಅಂತ ನಾನು ಹೇಳಿರಲಿಲ್ಲ.

ಸಂಜೆ ಎದುರುಮನೆಯವಳು ಬಂದಳು. ಬಾಗಿಲಲ್ಲೇ ನಿಂತು, "ಅಕ್ಕಾ, ನಿಮ್ಮ ಮೇಲೆ ಏನೇನೋ ಅಂದ್ಬಿಟ್ಟೆ. ಹೊಟ್ಟೇಲಿ ಹಾಕ್ಕೊಳ್ಳಿ" ಅಂತ ಅತ್ತಳು. ನಾನು ಅಳಲಿಲ್ಲ. ಯಾಕೆ ಅಂತ ನಿನಗೊಬ್ಬನಿಗೇ ಬರೆಯುತ್ತಿದ್ದೇನೆ. ಓದಿ ಸುಟ್ಟುಬಿಡು.

ಆ ಸ್ಪೀಕರುಗಳನ್ನು ಕಟ್ಟಿದ ವಾರ, ಮಗ್ಗ ನಡೆಯುತ್ತಿರುವಾಗ ಒಂದು ಸಲ ಕೂಗು ಹಾಕಿದ್ದರು. ನಿನ್ನ ಭಾವನ ಸಾಲಿನಲ್ಲಿ ಇದ್ದವರು ಮೂವರು. ಎಣ್ಣೆಯವನು ಬಂದು, "ಮೇಸ್ತ್ರಿ, ನಮ್ಮ ಸಾಲಿಗೆ ಇದು ಕೇಳಿಸ್ತಾನೇ ಇಲ್ಲ. ಇಂಜಿನಿಯರ್‌ಗೆ ಹೇಳಿ, ಬೇರೆ ಹಾಕಿಸ್ಲಿ" ಅಂದನಂತೆ. ನೂಲು ಕಟ್ಟುವವಳೂ ಹೌದು ಅಂದಳಂತೆ. ಇವರು ನೋಡೋಣ ಅಂತ ಏಣಿ ಹಾಕಿ ಕಂಬ ಹತ್ತಿದರು. ತಗಡು ಓದಿದರು. ಇಳಿದು ಬಂದು, "ಲೋ, ಇದು ನನ್ನ ಭಾಮೈದನ ನಂಬರ್ ಕಣೋ. ಅವನು ಕಿವಿ ಕೊಟ್ಟು ನೋಡಿ ಬಿಟ್ಟಿರೋದು. ಕೆಟ್ಟಿರೋದು ನಿನ್ನ ಕಿವಿ, ಹೋಗಿ ಎಣ್ಣೆ ಬಿಟ್ಕೊ" ಅಂದರಂತೆ. ಇಂಜಿನಿಯರಿಗೆ ಹೇಳಲಿಲ್ಲ. ಅವರಿಗೂ ಸರಿಯಾಗಿ ಕೇಳಿಸಿರಲಿಲ್ಲ, ಅದನ್ನೂ ಅಲ್ಲಿ ಹೇಳಲಿಲ್ಲ, ಆಮೇಲೆ ನನ್ನೊಬ್ಬಳಿಗೆ ಹೇಳಿದರು.

ಅವತ್ತು ಮನೆಗೆ ಬಂದು ಇದನ್ನು ಎರಡು ಸಲ ಹೇಳಿದರು, ಒಂದು ಸಲ ನನಗೆ, ಒಂದು ಸಲ ಅತ್ತೆಗೆ. ಏಣಿ ಹತ್ತಿದ್ದನ್ನು ಅಭಿನಯ ಮಾಡಿ ತೋರಿಸಿದರು. ಅಷ್ಟು ಹೆಮ್ಮೆ ನಿನ್ನ ಮೇಲೆ. ನಾವು ಮೂವರೂ ನಕ್ಕೆವು. ಅದಕ್ಕೇ ಅತ್ತೆ ಕೊನೆಗೆ ಹಾಗೆ ಕೇಳಿದ್ದು. ಕೆಟ್ಟಿರೋದು ನಿನ್ನ ಕಿವಿ ಅಂತ ಮಗ ಅಂದದ್ದು ಅವರಿಗೆ ನೆನಪಿತ್ತು.

ಆ ಸಾಲಿನಲ್ಲಿದ್ದ ಮೂವರೂ ಈಗಿಲ್ಲ. ಅತ್ತೆಯೂ ಇಲ್ಲ. ಗೊತ್ತಿರುವವಳು ನಾನೊಬ್ಬಳೇ, ಈಗ ನೀನು.

ವಿಚಾರಣೆಯ ಕೊನೆಯ ದಿನ ನಿನ್ನನ್ನು ಹೊರಗೆ ಕಳಿಸಿದ ಮೇಲೆ ಆ ಹಿರಿಯರು ನನ್ನನ್ನು ಕೇಳಿದರು. "ನಿಮ್ಮ ಯಜಮಾನರ ಬಗ್ಗೆ ಇನ್ನೇನಾದರೂ ಹೇಳೋದು ಉಂಟಾ ತಾಯಿ? ವರದಿಯಲ್ಲಿ ಸೇರಿಸ್ತೇವೆ." ನಾನು ಇಲ್ಲ ಅಂದೆ. ಒಂದು ಉಸಿರಿನಷ್ಟು ಹೊತ್ತೂ ಯೋಚಿಸಲಿಲ್ಲ.

ನಿನ್ನನ್ನು ಬಾ ಅನ್ನಲಾರೆ, ಬರಬೇಡ ಅನ್ನುವ ಯೋಗ್ಯತೆಯೂ ಈಗ ನನಗಿಲ್ಲ. ಇಲ್ಲಿ ನಲ್ಲಿಯ ಹತ್ತಿರ ನಾನೀಗ ಸಾಲು ನಿಲ್ಲಬೇಕಾಗಿಲ್ಲ. ಎದುರುಮನೆಯವಳು ದಿನಾ ಬೆಳಿಗ್ಗೆ ನನ್ನ ಕೊಡ ತುಂಬಿಸಿ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಾಳೆ.

ನಿನ್ನ ಅಕ್ಕ